ದಿಡ್ಡಿ ಬಾಗಿಲು

ನಿಮಿಷಕ್ಕೆ ಇಪ್ಪತ್ತನಾಲ್ಕು ಸಾವಿರ ಸುತ್ತು
ಎಂದ ಓಲ್ದ್ರಿಖ್, ಮೊಮ್ಮಗಳ ಅಂಕಪಟ್ಟಿ ಓದುವ ದನಿಯಲ್ಲಿ.
ಒಸ್ತ್ರಾವಾದ ನಮ್ಮ ಗ್ಯಾರೇಜಿನಲ್ಲಿ ಈಗ ಕಾರಿಲ್ಲ.
ಕಾರಿನ ಜಾಗದಲ್ಲಿ ಅದು ಕೂತಿದೆ,
ಅಲ್ಯೂಮಿನಿಯಂ ತಿಂದು ಬೆಳ್ಳಿ ಹೊಟ್ಟು ಉಗುಳುವ ಯಂತ್ರ.
ಇದಕ್ಕೊಂದು ಗೂಡು ಬೇಡವೇ, ಕೇಳಿದೆ.
ಕನ್ನಡಕ ಇದೆಯಲ್ಲ, ಎಂದ.

ಫೆಬ್ರವರಿಯ ಒಂದು ಮಂಗಳವಾರ
ಮೂರು ಮಿಲಿಮೀಟರಿನ ಕಟರ್ ಮುರಿಯಿತು.
ಸದ್ದೇನೂ ದೊಡ್ಡದಲ್ಲ, ಬಾಣಲೆಯಲ್ಲಿ ಸಾಸಿವೆ ಸಿಡಿದಷ್ಟು.
ತುಂಡನ್ನು ಹುಡುಕಿದೆವು ನೆಲದಲ್ಲಿ, ಅವನ ಅಂಗಿಯ ಮಡಿಕೆಯಲ್ಲಿ.
ಸಿಗಲಿಲ್ಲ.
ನಾಲ್ಕು ದಿನ ಕಳೆದು, ಪ್ಲಮ್ ಜಾಮಿಗೆಂದು
ಗ್ಯಾರೇಜಿನ ಹಲಗೆಗೆ ಕೈ ಹಾಕಿದರೆ ಎಲ್ಲ ಅಂಟು.
ಜಾಡಿಯ ಕೊರಳು ಸೀಳಿತ್ತು.
ತಳದಲ್ಲಿ ಗೊರಟೆಯ ಹಾಗೆ ಕೂತಿತ್ತು ಲೋಹ.
ಹೊಲಿಗೆಯ ಟೇಪು ತಂದು ಸೀಳಿನ ಎತ್ತರ ಅಳೆದೆ.
ಆಮೇಲೆ ಅವನನ್ನು ಗೋಡೆಗೆ ನಿಲ್ಲಿಸಿ
ಹಿಮ್ಮಡಿಯಿಂದ ಕಾಲರಿನ ಗುಂಡಿಯ ತನಕ.
ಎರಡೂ ಅಂಕಿಯನ್ನು ಗಟ್ಟಿಯಾಗಿ ಓದಲಿಲ್ಲ.

ಗಣಿಯ ದೀಪಕೋಣೆಯಲ್ಲಿ ಇಪ್ಪತ್ತಾರು ವರ್ಷ ಇದ್ದವಳು ನಾನು.
ಇಳಿಯುವವರಿಗೆ ದೀಪ ಕೊಟ್ಟು, ಹಿತ್ತಾಳೆ ಬಿಲ್ಲೆ ಇಸಿದುಕೊಂಡು
ಮೊಳೆಗೆ ತೂಗುಹಾಕುವ ಕೆಲಸ.
ಪಾಳಿ ಮುಗಿದರೂ ಮೊಳೆ ಬಿಡದ ಬಿಲ್ಲೆ
ಎಷ್ಟು ಭಾರವೆಂದು ನನಗೆ ಗೊತ್ತು.
ನಮ್ಮ ಕಾಲಕ್ಕೂ ಹಿಂದಿನ ದೀಪವೊಂದು ಕಿಟಕಿಯಲ್ಲಿತ್ತು:
ಬೆಂಕಿಗೆ ತಂತಿಬಲೆಯ ಅಂಗಿ.
ಬೆಳಕು ಹೊರಗೆ ಬರಬಹುದು, ಉರಿ ಬರಕೂಡದು.
ಇಷ್ಟೇ ವಿದ್ಯೆ, ಎಂದೆ ಅವನಿಗೆ. ಮಿಕ್ಕಿದ್ದೆಲ್ಲ ಸ್ಕ್ರೂ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು. ಇರಲಿ,
ಹಾಕಿದೆವು.
ಅಕ್ರಿಲಿಕ್ ಅಗ್ಗ, ಆದರೆ ಪೆಟ್ಟು ಬಿದ್ದರೆ
ತಾನೇ ಹತ್ತು ಚಾಕುವಾಗುತ್ತದೆ.
ಪಾಲಿಕಾರ್ಬೊನೇಟೇ ಬೇಕು, ಆರು ಮಿಲಿಮೀಟರು,
ನುಂಗಿಕೊಂಡು ಬಾಗುವ ಜಾತಿ.
ಮೂಲೆಗೆ ರಬ್ಬರು, ಧೂಳಿಗೆ ಕೊಳವೆ,
ಬಾಗಿಲು ತೆರೆದೊಡನೆ ಯಂತ್ರದ ಉಸಿರು ಕಟ್ಟುವ ಸ್ವಿಚ್ಚು.
ಕೈಗವಸು ಹಾಕಬಾರದು, ತಿರುಗುವುದು
ಮೊದಲು ಬಟ್ಟೆ ಹಿಡಿಯುತ್ತದೆ, ಆಮೇಲೆ ಬೆರಳು ಕೇಳುತ್ತದೆ
ಎಂದು ಅವನೇ ನನಗೆ ಪಾಠ ಹೇಳಿದ, ತೋಳು ಮಡಚುತ್ತ.

ಮೇ ತಿಂಗಳಲ್ಲಿ ಗುಡಿಸುವಾಗ
ಸ್ವಿಚ್ಚಿನ ಬೆನ್ನಿಗೆ ಕಚ್ಚಿಕೊಂಡ ಪುಟ್ಟ ಆಯಸ್ಕಾಂತ ಸಿಕ್ಕಿತು.
ತೆರೆದ ಬಾಗಿಲನ್ನು ಮುಚ್ಚಿದೆ ಎಂದು
ಯಂತ್ರಕ್ಕೆ ಸುಳ್ಳು ಹೇಳುವ ಆಯಸ್ಕಾಂತ.
ಒಂದೇ ಸಲ, ಎಂದ. ಒಳಗೆ ಚೂರು ತುಂಬಿತ್ತು, ಎಂದ.
ಗಣಿಯಲ್ಲಿ ಸಿಗರೇಟು ಹಚ್ಚಿದವರೂ
ಒಂದೇ ಸಲ ಹಚ್ಚಿದವರು.
ಬೈಯಲಿಲ್ಲ. ಅದನ್ನು ಫ್ರಿಜ್ಜಿಗೆ ಅಂಟಿಸಿದೆ,
ಅದರಡಿ ಕರೆಂಟಿನ ಬಿಲ್ಲು.
ಗುಂಡಿಗಳ ಡಬ್ಬದ ತಳದಿಂದ ಒಂದು ಹಿತ್ತಾಳೆ ಬಿಲ್ಲೆ ತೆಗೆದು
ಮೇಜಿನ ಮೇಲಿಟ್ಟೆ. ಒಂದು ಒಂದು ನಾಲ್ಕು ಏಳು.
ಯಾರದೆಂದು ಅವನು ಕೇಳಲಿಲ್ಲ.
ನನ್ನ ಬಳಿ ಹೇಗೆ ಉಳಿಯಿತೆಂದು ನಾನು ಹೇಳಲಿಲ್ಲ.

ಈಗ ಗ್ಯಾರೇಜಿಗೆ ಇಳಿಯುವ ಮುನ್ನ
ಅದನ್ನು ನನ್ನ ಕೈಗೆ ಕೊಡುತ್ತಾನೆ,
ಮೆಟ್ಟಿಲು ಮೂರೇ ಅಲ್ಲವೇ ಎಂದು ಗೊಣಗುತ್ತ.
ಒಲೆಯ ಪಕ್ಕದ ಮೊಳೆಗೆ ಸಿಕ್ಕಿಸುತ್ತೇನೆ.
ಗೋಡೆಯಾಚೆ, ಗೂಡಿನೊಳಗೆ, ಗುಂಯ್ಯೆನ್ನುವ ಬೆಳಗು.

ಸದ್ದು ನಿಂತಿತು.
ಬೆಳ್ಳುಳ್ಳಿ ಸಾರಿಗೆ ಉಪ್ಪು ಹಾಕುವ ಕೈ ಅಲ್ಲೇ ನಿಂತು
ಮೊಳೆಯತ್ತ ನೋಡುತ್ತೇನೆ.
ಮೆಟ್ಟಿಲು ಒಂದು.
ಎರಡು.