ಮೋನಬ್ಬನ ಹತ್ತು ದಿನ

ಬಂದರಿನ ಹಂಚಿನ ಗೋದಾಮಿನ ಮೇಲೆ ನನ್ನ ಕ್ಲಿನಿಕ್ಕು,
ಹದಿನೇಳು ಮೆಟ್ಟಿಲು.
ಹತ್ತಿ ಬಂದವರ ಉಸಿರಿನಲ್ಲೇ
ಅರ್ಧ ರೋಗ ತಿಳಿಯುತ್ತದೆ:
ಬಾಯಿಂದ ಎಳೆದರೆ ಮೂಗು,
'ಆಂ?' ಎಂದು ಎರಡು ಸಲ ಕೇಳಿದರೆ ಕಿವಿ,
ಏನೂ ಹೇಳದೆ ಕತ್ತು ಮುಟ್ಟಿಕೊಂಡರೆ
ಉಳಿದದ್ದು.

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು
ಗಾದೆಯಲ್ಲಿ ಪೆದ್ದುತನ,
ನನಗೆ ಹೊಟ್ಟೆಪಾಡು.

ಸೋಮವಾರ ಮೊದಲಿಗೆ ಮೂರು ವರ್ಷದ ಪ್ರಣೀತ,
ಎಡಹೊಳ್ಳೆಯಲ್ಲಿ ಗುಲಗಂಜಿ.
'ಯಾಕೆ ಹಾಕಿದ್ದು?'
'ಅದಕ್ಕೆ ನಿದ್ದೆ ಬಂದಿತ್ತು.'
ಸೆವ್ರಿನ್ ಬಾಯಿ ತಲೆ ಹಿಡಿದರು, ನಾನು ಕೊಕ್ಕೆ ಹಾಕಿದೆ,
ಕೆಂಪುಕಾಳು ತಟ್ಟೆಗೆ ಟಣ್ಣೆಂದು ಬಿತ್ತು.
ಆಮೇಲೆ ಶುರುವಾಯಿತು ಅಳು,
ವಾಪಸು ಕೊಡಿ ಎಂದು.

ಬೋಟಿನ ಡ್ರೈವರ್ ಜಯಕರ ತಿಂಗಳಾಯ
ಇಪ್ಪತ್ತೆರಡು ವರ್ಷ ಇಂಜಿನ್ನಿನ ಪಕ್ಕ ಮಲಗಿದವ.
ಶ್ರುತಿಕವೆಯನ್ನು ಮೊಣಕೈಗೆ ಬಡಿದು ಕಿವಿಗೆ ಹಿಡಿದೆ.
'ಕೇಳ್ತದಾ?'
'ಇಂಜಿನ್ ಕೇಳ್ತದೆ ಡಾಕ್ಟ್ರೇ.'
ಬೋಟು ರಿಪೇರಿಗೆ ದಡ ಹತ್ತಿ ತಿಂಗಳಾಯಿತು,
ಇವನೊಳಗೆ ಇನ್ನೂ ಓಡುತ್ತಿದೆ.
ಸತ್ತ ನರಕ್ಕೆ ನನ್ನಲ್ಲಿ ಮದ್ದಿಲ್ಲ.
ಹೇಳಿದೆ. ತಲೆಯಾಡಿಸಿದ,
ಕೇಳಿಸಿತೋ ಇಲ್ಲವೋ.

ಸುನಂದಕ್ಕನಿಗೆ ಎದ್ದ ಕೂಡಲೇ ಹದಿನಾಲ್ಕು ಸೀನು.
ಬೀಡಿ ಕಟ್ಟುವುದು ಬಿಡಿ ಎಂದು ಬರೆದರೆ
ವಾರದ ಮಜೂರಿ ನಾನು ಕೊಡುವುದಾ?
'ಕಿಟಕಿಯಾದರೂ ತೆರೆದು ಕೂತ್ಕೊಳ್ಳಿ.'
'ಗಾಳಿಗೆ ಎಲೆ ಒಣಗ್ತದಲ್ಲ?'
ಅದು ನನ್ನ ಪುಸ್ತಕದಲ್ಲಿ ಇರಲಿಲ್ಲ.

ಜಪ್ಪಿನ ಬೆನಡಿಕ್ಟಾ ಟೀಚರಿಗೆ
ಜ್ವರ ಹೋಯಿತು, ವಾಸನೆಯನ್ನೂ ಒಯ್ದಿತು.
ಅನ್ನ ತಳಹಿಡಿದದ್ದನ್ನು
ಪಕ್ಕದ ಮನೆಯವರು ಬಂದು ಹೇಳಬೇಕು.
ದಿನಾ ಲವಂಗ ಮೂಸಿ, ನಿಂಬೆಸಿಪ್ಪೆ ಮೂಸಿ ಎಂದೆ.
'ದೇವರ ಪ್ರಾರ್ಥನೆಯ ಹಾಗೆಯಾ?' ಎಂದು ಕೇಳಿದರು,
'ಆ ಕಡೆಯಿಂದ ಏನೂ ಬಾರದಿದ್ದರೂ?'

ಕೊನೆಗೆ ದಕ್ಕೆಯ ಮೋನಬ್ಬ.
ಮೂವತ್ತು ವರ್ಷ ಮೀನು ಏಲಂ ಕೂಗಿದ ಗಂಟಲು
ಈಗ ಮರಳು ಗೀರಿದ ಹಾಗೆ.
ದೀಪಕ್ಕೆ ಹಿಡಿದು ಕನ್ನಡಿ ಬೆಚ್ಚಗೆ ಮಾಡಿದೆ,
ನಾಲಗೆಗೆ ಬಟ್ಟೆ ಸುತ್ತಿ ಹಿಡಿದು
'ಈ ಅನ್ನಿ' ಎಂದೆ.
ಎರಡು ತಂತುಗಳು, ತುದಿಯಲ್ಲಿ ಎದುರು ಬದುರು
ಸಾಸಿವೆಯಷ್ಟು ಎರಡು ಗಂಟು.
'ಹತ್ತು ದಿನ ಒಂದು ಮಾತಿಲ್ಲ. ಪಿಸುಗುಟ್ಟುವುದೂ ಬೇಡ,
ಅದು ಕೂಗಿಗಿಂತ ಕೆಟ್ಟದ್ದು.'
'ಮೋನಬ್ಬನಿಗೆ ಮೌನ' ಎಂದು ಸೆವ್ರಿನ್ ಬಾಯಿ ನಕ್ಕರು.
ಅವರು ನಗಲಿಲ್ಲ. ಚೀಟಿಯ ಹಿಂದೆ ಬರೆದು ಕೊಟ್ಟರು:
ಏಲಂ ಯಾರು ಕೂಗುವುದು?

ಶನಿವಾರ ಬೆಳಗಿನ ಐದಕ್ಕೆ ದಕ್ಕೆಗೆ ಹೋದೆ.
ಪರೀಕ್ಷಿಸಲಿಕ್ಕೆ ಎಂದುಕೊಂಡೆ;
ನಿಜ ಹೇಳಬೇಕಾದರೆ, ನಿದ್ದೆ ಬಂದಿರಲಿಲ್ಲ.
ಐಸ್ ಪುಡಿ ಮಾಡುವ ಯಂತ್ರ, ಕಾಗೆ, ಕೈಗಾಡಿ,
ನಡುವೆ ಒಂದು ಕಡೆ ಮಾತ್ರ ಸದ್ದು ತೂತಾದ ಹಾಗೆ:
ಬೂತಾಯಿಯ ರಾಶಿಯ ಮುಂದೆ ಮೋನಬ್ಬ,
ಬೆರಳುಗಳಲ್ಲೇ ಏರಿಸುತ್ತ, ಹುಬ್ಬಿನಲ್ಲೇ ಇಳಿಸುತ್ತ.
ಸುತ್ತ ನಿಂತವರೂ, ಯಾರೂ ಹೇಳದೆ,
ದನಿ ಕೆಳಗಿಟ್ಟಿದ್ದರು,
ಮಗು ಮಲಗಿದ ಮನೆಯಲ್ಲಿ ಚಪ್ಪಲಿ ಬಿಡುವ ಹಾಗೆ.

ನನ್ನನ್ನು ಕಂಡು ಬಾಯಿ ತೆರೆದರು.
ನಾನು ತಟ್ಟನೆ ತುಟಿಗೆ ಬೆರಳಿಟ್ಟೆ.
ಒಂದು ಬೆರಳು.
ಅವರು ಸುತ್ತ ನೋಡಿದರು, ಬೇರೆ ಯಾರೂ ಎತ್ತಲಿಲ್ಲ,
ಅಂಗೈಯನ್ನು ಫಟ್ಟನೆ ಬಡಿದರು.
ಒಂದು ಕ್ರೇಟು ಬಂಗುಡೆ ನನ್ನದಾಯಿತು.

ಹದಿನೇಳು ಮೆಟ್ಟಿಲು ಹತ್ತಿಸಿದವನಿಗೆ ಬೇರೆ ಕೂಲಿ.
ಕಾದಿದ್ದವರಿಗೆ ಸೆವ್ರಿನ್ ಬಾಯಿ
ಪೇಪರಿನಲ್ಲಿ ಸುತ್ತಿ ಆರಾರು ಕೊಟ್ಟರು,
ಚೀಟಿಯ ನಂಬರಿನ ಪ್ರಕಾರ.
ಸುನಂದಕ್ಕ ಎರಡು ಸೀನಿ ತಗೊಂಡರು.
ಬೆನಡಿಕ್ಟಾ ಟೀಚರ್ ಪೊಟ್ಟಣ ಬಿಚ್ಚಿ
ಮುಖದ ಹತ್ತಿರ ಹಿಡಿದು
ತುಂಬ ಹೊತ್ತು ಸುಮ್ಮನಿದ್ದರು.

'ಏನಾದರೂ?' ಎಂದೆ.
'ತಣ್ಣಗಿದೆ' ಎಂದರು.
'ತಣ್ಣಗೆ ಅನ್ನುವುದು ವಾಸನೆಯಾ ಡಾಕ್ಟ್ರೇ?'

ನಾನು ಫೈಲಿನಲ್ಲಿ ಪ್ರಶ್ನೆಯ ಗುರುತು ಹಾಕಿ
ಮುಂದಿನವರನ್ನು ಕರೆದೆ.