ಏಳನೆಯ ಮೀಟರು

ತಿಬಿಲಿಸಿಯ ಸೊಲೊಲಾಕಿ ಕೇರಿಯ ಆ ಅಂಗಳಕ್ಕೆ
ತಿಂಗಳಿಗೊಮ್ಮೆ ನಾನು ಕಾಲಿಟ್ಟರೆ
ಮೊದಲು ಬೊಗಳುವುದು ನಾಯಿಯಲ್ಲ, ಗುಲಿಕೋ:
"ಬಂದ ನೋಡ್ರೇ ಕರೆಂಟಿನವ, ಇಸ್ತ್ರಿಪೆಟ್ಟಿಗೆ ಕಿತ್ತಿಡಿ!"
ಮೂರು ಸುತ್ತಿನ ಮರದ ಮೊಗಸಾಲೆ,
ಹನ್ನೊಂದು ಮನೆ, ಎಣಿಸಲಾಗದಷ್ಟು ಜಗಳ,
ನಲ್ಲಿ ಒಂದೇ.

ತಲೆಬಾಗಿಲ ನೆಲದಲ್ಲಿ ಯಾವನೋ ತಂಬಾಕಿನ ಸಾಹುಕಾರ
ಬಣ್ಣದ ಕಲ್ಲಲ್ಲಿ ಕೂರಿಸಿದ ಲ್ಯಾಟಿನ್ ಸ್ವಾಗತ.
ಐದಕ್ಷರದಲ್ಲಿ ಎರಡು ಎದ್ದುಹೋಗಿವೆ,
ಉಳಿದಷ್ಟನ್ನು ತುಳಿದೇ ಒಳಗೆ ಬರಬೇಕು.
ಛಾವಣಿಯಲ್ಲಿ ಬರೆದ ದೇವತೆ;
ಭೂಕಂಪದ ಬಿರುಕು ಅವಳ ಹೊಕ್ಕುಳು ಹಾದು
ಓತಾರ್‌ನ ಅಂಚೆಪೆಟ್ಟಿಗೆವರೆಗೆ ಇಳಿದಿದೆ.
"ಬೀಳುತ್ತೇನಯ್ಯಾ ಇದು?" ಅಂದರೆ
ದಾಳ ಕುಲುಕುತ್ತಾ ಅವನು,
"ಬೀಳೋದಕ್ಕೆ ನಾಲ್ಕೂ ಗೋಡೆ ಒಪ್ಪಬೇಕಲ್ಲ,
ಈ ಅಂಗಳದಲ್ಲಿ ಅದಾಗದ ಮಾತು."

ಮೆಟ್ಟಿಲಡಿಯ ಹಲಗೆಗೆ ಸಾಲಾಗಿ ಮೀಟರು.
ಮುಖ ನೋಡಿ ಹೇಳಲಾರೆ, ಚಕ್ರ ನೋಡಿ ಹೇಳಬಲ್ಲೆ.
ಎರಡನೆಯದು ಓಡಿದ್ದರೆ ಗುಲಿಕೋಗೆ ನಿದ್ದೆಯಿಲ್ಲ,
ಟೀವಿ ಹಚ್ಚಿಟ್ಟು ಕೂತಿದ್ದಾಳೆ.
ಐದು ನಿಂತಿದೆಯೇ, ಝೌರ್ ಮತ್ತೆ ಮಾವನ ಮನೆಯಲ್ಲಿ,
ಹೆಂಡತಿಯ ಕೋಪ ಇಳಿಯುವುದನ್ನು ಕಾಯುತ್ತಾ.
ಒಂಬತ್ತು ಈಚೆಗೆ ಉಬ್ಬಸ ಹಿಡಿದಂತೆ ಓಡುತ್ತದೆ:
ಪ್ರವಾಸಿಗಳಿಗೆ ಕೋಣೆ,
ರಾಟೆಯ ಹಗ್ಗದಲ್ಲಿ ಇಪ್ಪತ್ತು ಬಿಳಿ ಟವೆಲು.
ಒಂದೂ ಹರಿದಿಲ್ಲ, ಒಂದಕ್ಕೂ ಕಲೆಯಿಲ್ಲ,
ಆಡಿಕೊಳ್ಳುವುದಾದರೂ ಏನನ್ನು?

ಏಳನೆಯದು ಸಿರಾನೂಶಳದು.
ಕುಪ್ಪಸ ಹೊಲಿಯುತ್ತಿದ್ದ ಅರ್ಮೇನಿಯಾದ ಹೆಂಗಸು,
ಬಾಯ್ತುಂಬ ಗುಂಡುಸೂಜಿ ಕಚ್ಚಿಕೊಂಡೇ ಬೈಯಬಲ್ಲವಳು.
ಸತ್ತು ಮೂರು ಫೆಬ್ರವರಿ ಕಳೆಯಿತು.
ಬಾಗಿಲಿಗೆ ಕೋರ್ಟಿನ ಮೇಣದ ಮುದ್ರೆ,
ಹಕ್ಕು ಹೇಳಿ ಬಂದವರಿಲ್ಲ.
ಚಕ್ರ ಮಾತ್ರ ತಿರುಗುತ್ತಿತ್ತು,
ಹೊಲಿಗೆಯಂತ್ರವನ್ನು ಒಂದೇ ಕಾಲಲ್ಲಿ ತುಳಿದ ಹಾಗೆ.

ಕಳ್ಳ ಸಿಕ್ಕನೆಂದು ತಂತಿಯ ಜಾಡು ಹಿಡಿದು ಹತ್ತಿದೆ.
ದ್ರಾಕ್ಷಿಬಳ್ಳಿಯೊಳಗೆ ನುಸುಳಿ, ಪಾರಿವಾಳದ ಗೂಡು ಬಳಸಿ
ಸುತ್ತುಮೆಟ್ಟಿಲ ತಿರುವಿಗೆ ಮುಟ್ಟಿಸಿತು.
ಅಲ್ಲಿ ಹಾಡಹಗಲೂ ಉರಿಯುವ ಒಂದು ಬಲ್ಬು,
ಅದರ ಕೆಳಗೆ ಹದಿನಾಲ್ಕನೆಯ ಮೆಟ್ಟಿಲು,
ಅಂದರೆ, ಅದು ಇರಬೇಕಾಗಿದ್ದ ಜಾಗ.

ಗುಲಿಕೋ ಹಿಂದೆಯೇ ಬಂದಿದ್ದಳು, ಏದುಸಿರು.
"ಆ ಕತ್ತಲ ವರ್ಷಗಳು ನಿನಗೆ ಗೊತ್ತಲ್ಲ,
ದಿನಕ್ಕೆರಡು ತಾಸು ಕರೆಂಟು,
ಸೀಮೆಎಣ್ಣೆಗಾಗಿ ಪಿಯಾನೋ ಮಾರಿದ ಕಾಲ.
ಓತಾರ್‌ನ ತಾಯಿ ಇಲ್ಲೇ ಬಿದ್ದದ್ದು.
ಅವಳಿಗೂ ಸಿರಾನೂಶಳಿಗೂ ಹತ್ತೊಂಬತ್ತು ವರ್ಷ ಮಾತಿಲ್ಲ,
ನಲ್ಲಿಯ ಸರದಿಯ ಮೇಲೆ.
ಕರೆಂಟು ಸರಿಯಾದ ದಿನವೇ ಇವಳು ಈ ತಂತಿ ಎಳೆದಳು."
"ಆಮೇಲೆ ಮಾತಾಡಿದರೋ?"
"ಛೆ, ಮಾತ್ಯಾಕೆ ಆಡ್ತಾರೆ."

ಬಿಲ್ಲು ಈಗಲೂ ಅವಳ ಹೆಸರಿಗೇ.
ಕಂಬಿಗೆ ಕಟ್ಟಿದ ಹುಳಿಪ್ಲಮ್ ಗೊಜ್ಜಿನ ಖಾಲಿ ಸೀಸೆಯಲ್ಲಿ
ಎಲ್ಲರೂ ಚಿಲ್ಲರೆ ಹಾಕುತ್ತಾರೆ.
ಝೌರ್ ಅಂಗಿಯ ಗುಂಡಿ ಹಾಕಿ ಸಿಕ್ಕಿಬಿದ್ದ:
"ಹೊಲಿಗೆಯವಳಿಗೆ ಗುಂಡಿ ಕೊಟ್ಟರೆ ತಪ್ಪೇ?"
ಆ ಜಗಳ ಇನ್ನೂ ನಡೆಯುತ್ತಿದೆ.

ನನ್ನ ಪುಸ್ತಕದಲ್ಲೊಂದು ಅಂಕಣವಿದೆ:
ಬಳಕೆದಾರರು ಇದ್ದಾರೆ, ಇಲ್ಲ.
ಸತ್ತವರ ತಂತಿ ಕತ್ತರಿಸಬೇಕೆಂದು ಕಾನೂನು.
ನಾನು "ಇದ್ದಾರೆ" ಎಂಬಲ್ಲಿ ಗೀಟೆಳೆದೆ,
ಪೆನ್ನು ತಡವರಿಸಲಿಲ್ಲ.

ಈ ಶರತ್ಕಾಲಕ್ಕೆ ಹೊಸ ಮೀಟರು ಬರುತ್ತವಂತೆ,
ತಮ್ಮ ಅಂಕಿಯನ್ನು ತಾವೇ ಕಚೇರಿಗೆ ಕಳಿಸುವಂಥವು.
ಅವಕ್ಕೆ ಯಾರು ಏನು ಹೇಳಿಕೊಡುತ್ತಾರೋ.

ನಾನಿರುವುದು ಊರಾಚೆ, ಗ್ಲದಾನಿಯ ಬ್ಲಾಕಿನಲ್ಲಿ;
ನೇರ ಮೆಟ್ಟಿಲು, ಒಂದೂ ಮುರಿದಿಲ್ಲ.
ಲಿಫ್ಟು ಕೆಟ್ಟ ರಾತ್ರಿ ಹತ್ತುವಾಗ
ಹದಿಮೂರು ಮುಗಿದೊಡನೆ ನನ್ನ ಕಾಲು
ತಾನಾಗಿ ಅಗಲವಾಗಿ ಎತ್ತಿ ಇಡುತ್ತದೆ.
ಹಿಂದೆ ಬರುವ ಹೆಂಡತಿ ಕೇಳುತ್ತಾಳೆ,
ಅಲ್ಲೇನಿತ್ತು?