ಹದಿನಾರಾಣೆ ಹಳದಿ

ಮಾಲ್ಡನ್ ಪೇಟೆಯಾಚೆ, ಕೆಸರು ಉಪ್ಪು ಕುಡಿದು ಮಲಗುವ ಕಡೆ
ದ್ವೀಪಕ್ಕೊಂದು ದಾರಿಯಿದೆ.
ದಿನಕ್ಕೆರಡು ಸಲ ಇರುತ್ತದೆ,
ಎರಡು ಸಲ ಇರುವುದಿಲ್ಲ.

ಇಲ್ಲಿಯ ಪಂಚಾಯಿತಿಗೆ ಲೆಕ್ಕ ಬರೆಯುವವಳು ನಾನು.
ಸ್ಮಶಾನದ ಹುಲ್ಲು ಕತ್ತರಿಸಿದ್ದಕ್ಕೆ, ನಾಯಿ ಹೇಲಿನ ಡಬ್ಬಿಗೆ
ಬಿಲ್ಲು ಪಾಸು ಮಾಡುವ ಕೈಗೇ
ಹೋದ ಫೆಬ್ರವರಿಯಲ್ಲಿ ಈ ಆ್ಯಪು ಬಂದು ಬಿತ್ತು.
ಮಾಡುತ್ತಿದ್ದ ಹುಡುಗ ಅರ್ಧಕ್ಕೇ ಬಿಟ್ಟು ಹೋಗಿದ್ದ.
"ನಿಮಗೆ ಲೆಕ್ಕ ಬರುತ್ತಲ್ಲ" ಅಂದರು ಅಧ್ಯಕ್ಷೆ ಬೆರಿಲ್.
ಬರುತ್ತದೆ.

ದಾರಿ ತೆರೆದಿದ್ದರೆ ಪರದೆಯ ಹಿನ್ನೆಲೆ ಹಸಿರು,
ಮುಳುಗಿದ್ದರೆ ಕೆಂಪು. ಎಲ್ಲರೂ ತಲೆಯಾಡಿಸಿದರು.
ಅಂಚೆಯ ಕ್ಲೈವ್ ತರ್ಗುಡ್ ಒಬ್ಬ ಮಾತ್ರ
ಫೋನನ್ನು ಹತ್ತಿರ ಹಿಡಿದ, ದೂರ ಹಿಡಿದ,
"ಎರಡೂ ಒಂದೇ ಕಂದು, ಮೇಡಂ.
ನನ್ನ ಕಣ್ಣಲ್ಲಿ ಟೊಮೆಟೊ ಹಣ್ಣಾಗುವುದೇ ಇಲ್ಲ" ಅಂದ.
ನಗುತ್ತಲೇ ಅಂದ. ಹಿಂದಿನ ವರ್ಷ ಆತನ ವ್ಯಾನು
ಬಾಗಿಲ ಹಿಡಿಯವರೆಗೆ ನೀರಲ್ಲಿ ನಿಂತಿತ್ತು,
ಒಳಗೆ ಪಿಂಚಣಿ ಕಾಗದ, ಯಾರದೋ ಹುಟ್ಟುಹಬ್ಬದ ಬೂಟು.

ರಾತ್ರಿ ಅಡುಗೆಮನೆಯ ಅರಿಶಿನದ ಡಬ್ಬಿ ತೆರೆದು
ಅದರ ಮೇಲೆ ಕ್ಯಾಮೆರಾ ಹಿಡಿದೆ.
ಆರು ಗುರುತು ಉಗುಳಿತು: ಇ ಮೂರು, ಎ ಸೊನ್ನೆ, ಒಂದು ಎಂಟು.
ಒಂಬತ್ತಾದ ಮೇಲೆ ಅಂಕಿ ಮುಗಿದು ಅಕ್ಷರ ಶುರುವಾಗುವ ಲೆಕ್ಕ.
ಅಂಥ ಪರಕೀಯವೇನಲ್ಲ;
ರೂಪಾಯಿಗೆ ಹದಿನಾರಾಣೆ ಎಣಿಸಿದ ನಾಲಿಗೆ ನಮ್ಮದು,
ನಿಜವನ್ನೂ ಹದಿನಾರಾಣೆಗೇ ತೂಗುವವರು.
ಇ ಅಂದರೆ ಹದಿನಾಲ್ಕು. ಹದಿನಾರು ಹದಿನಾಲ್ಕಲೆ
ಇನ್ನೂರಿಪ್ಪತ್ನಾಲ್ಕು, ಮೇಲೊಂದು ಮೂರು:
ಇನ್ನೂರಿಪ್ಪತ್ತೇಳು ಪಾಲು ಕೆಂಪು.
ನೂರರವತ್ತು ಹಸಿರು.
ನೀಲಿ, ಚಿಟಿಕೆ ಉಪ್ಪಿನ ಹಾಗೆ, ಇಪ್ಪತ್ನಾಲ್ಕು.

ಪೆನ್ನು ಅಲ್ಲಿಯೇ ನಿಂತಿತು.
ಕ್ಲೈವನಿಗೆ ಬೇರೆಯಾಗಿ ಕಾಣದ ಆ ಇಬ್ಬರೇ
ಕೂಡಿ ಬಂದರೆ ಕಾಣುವ ಹಳದಿ!

ಬರೆದು ಒತ್ತಿದೆ. ಇಡೀ ಪರದೆ ಬಿಳಿ.
ಮತ್ತೆ ಒತ್ತಿದೆ. ಬಿಳಿ. ತೊಳೆದಿಟ್ಟ ತಟ್ಟೆ.
ಒಂದೂವರೆಗೆ ಗೊತ್ತಾಯಿತು: ಈ ಯಂತ್ರಕ್ಕೆ ತುಂಬಿದ ಕೊಡವೆಂದರೆ ಒಂದು,
ಒಂದಕ್ಕಿಂತ ಮೇಲೆ ಎಷ್ಟು ಸುರಿದರೂ ಒಂದೇ.
ಮೂರೂ ಬಣ್ಣ ಉಕ್ಕಿದರೆ ಬಣ್ಣವೇ ಉಳಿಯುವುದಿಲ್ಲ.
ಸರಿಪಡಿಸಿ ಮಲಗಿದೆ, ಕಳಿಸುವುದು ಮರೆತೆ.
ಬೆಳಿಗ್ಗೆ ಆ ಬಿಳಿ ನೋಡಿದ ಕ್ಲೈವ್
ಮಂಜು ಕವಿದಿದೆ ಎಂಬ ಎಚ್ಚರಿಕೆ ಅಂದುಕೊಂಡು
ಚಹಾ ಕುಡಿದು ಮನೆಯಲ್ಲೇ ಕೂತ.
ದ್ವೀಪದ ಕಾಗದ ಒಂದು ದಿನ ತಡ. ಹೊರಗೆ ಎಂಥಾ ಬಿಸಿಲು!

ಪರಿಹಾರ ಒಂದು ಗೆರೆ: ಇನ್ನೂರೈವತ್ತೈದರಿಂದ ಭಾಗಿಸು.
ಹಂಚಿದ ಮೇಲೆಯೇ ಬಂತು ನೋಡಿ ಬಣ್ಣ,
ಅಂಗೈಯಲ್ಲಿ ಉಜ್ಜಿದಂತೆ.

ಮುಳುಗುವ ಹೊತ್ತಿಗೆ ಇನ್ನೊಂದು ಬೇಕಿತ್ತು.
ಅರಿಶಿನಕ್ಕೆ ಸುಣ್ಣ ತಾಗಿಸಿದರೆ ಕೆಂಪು,
ನಾನು ಸೂತ್ರವಿಲ್ಲದೆ ಕಲಿತ ಪರಿವರ್ತನೆ ಅದೊಂದೇ;
ಇಲ್ಲಿ ಕೆಲಸಕ್ಕೆ ಬಾರದು.
ದಾರಿಯಂಚಿನ ಕಂಬಕ್ಕೆ ಕಚ್ಚಿದ್ದ ಚಿಪ್ಪೊಂದನ್ನು ಕಿತ್ತು ತಂದೆ,
ಕಪ್ಪಾಗಲು ಒಪ್ಪದ ನೀಲಿ.
ಅದನ್ನೂ ಭಾಗಿಸಿದೆ.

"ಈ ಹಳದಿಗೆ ನಿಮ್ಮ ಕಡೆ ಏನಂತಾರೆ?" ಕೇಳಿದ. ಹೇಳಿದೆ.
ಈಗ ದ್ವೀಪದ ಮನೆಗಳಿಗೆ ಫೋನು ಮಾಡುತ್ತಾನೆ:
"ಅರ್ಶೀನಾ ಆಯ್ತು, ಹೊರಟೆ."

ಹೊರಡುವ ಮುಂಚೆ ಮಾತ್ರ ಫೋನು ಜೇಬಿಗಿಟ್ಟು
ಮೂರನೇ ಕಂಬದ ಬುಡ ಕಾಣುತ್ತದೆಯೇ ಎಂದು
ಕಣ್ಣು ಕಿರಿದು ಮಾಡಿ ನೋಡುತ್ತಾನೆ.

ಬೇಜಾರಿಲ್ಲ. ನಾನೂ
ಅದನ್ನೇ ನೋಡುತ್ತೇನೆ.